ಮಹಾದೇವಿ ಕರೆದ ಹಿಂಡು

ಕಳೆದ ಬೇಸಿಗೆಯ ಒಂದು ಮಧ್ಯಾಹ್ನ, ಬಾದಾಮಿ ಹತ್ತಿರದ ನಮ್ಮೂರ ಮನೆಯಲ್ಲಿ ಅಣ್ಣನ ಮಕ್ಕಳಿಬ್ಬರಿಗೆ ಪಾತ್ರ ಕಟ್ಟಿ ಆಡುವ ಆಟ ಕಲಿಸುತ್ತಿದ್ದೆ. ಕಥೆ ನಾನು ಹೇಳಬೇಕು, ಪಾತ್ರ ಅವರಾಗಬೇಕು, ಸೋಲು ಗೆಲುವನ್ನು ಕವಡೆ ಹೇಳಬೇಕು. ಮಾಳಿಂಗರಾಯ ರಾಜನಾದ. ತಂಗಿ ಮಹಾದೇವಿ ಕುರಿ ಕಾಯುವವಳಾದಳು. ಅಜ್ಜಿ ಬೋರವ್ವ ತೀರಿಕೊಂಡಾಗಿನಿಂದ ಆ ಕೂಸು ಮಾತೇ ಬಿಟ್ಟಿತ್ತು. ಆಟದಲ್ಲಾದರೂ ಬಾಯಿ ತೆರೆದೀತೆಂದು ನನ್ನಾಸೆ.

“ನಿನ್ನ ಕುರಿ ಗುಡ್ಡದಾಗ ತಪ್ಪಿಸಿಕೊಂಡಾವ. ಏನ್ ಮಾಡ್ತಿ, ಮಹಾದೇವಿ?”

“ಆಕಿ ಬಾಯಿ ತಗಿಯಂಗಿಲ್ಲ ಬಿಡು ಕಾಕಾ, ನನ್ನ ಪಾಳಿ ಕೊಡು,” ಎಂದ ಮಾಳಿಂಗರಾಯ.

ಮಹಾದೇವಿ ಕವಡೆ ಮುಟ್ಟಲಿಲ್ಲ. ಒಂದೊಂದು ಹಿಂಡಿಗೂ ಒಂದೊಂದು ಕೂಗಿರುತ್ತದೆ. ಅವಳು ಅಜ್ಜಿ ಹಿಂದೆ ಕಾಯುತ್ತಿದ್ದ ಕುರಿಹಿಂಡಿನ ಕೂಗನ್ನೇ ಹಾಕಿದಳು: “ಹುರ್ರ್ಯೋ... ಬಾ, ಬಾ, ಬಾ!”

ಕೋಣೆ ತಣ್ಣಗಾಯಿತು. ಒದ್ದೆ ಉಣ್ಣೆಯ ವಾಸನೆ ಬಂತು. ಕಣ್ಣಿಗೇನೂ ಕಾಣಲಿಲ್ಲ, ಆದರೆ ಗೊರಸುಗಳ ಸದ್ದು ನಮ್ಮ ನಡುವೆಯೇ ಹಾದುಹೋಯಿತು.

“ಕಚಗುಳಿ ಆಗಾಕತ್ತೈತಿ ಕಾಕಾ!” ಮಾಳಿಂಗರಾಯ ಕಾಲು ಮಡಚಿಕೊಂಡು ಕೇಕೆ ಹಾಕಿದ.

“ಏ ಬೆಳ್ಳಿ, ಕಾಕಾನ ಲುಂಗಿ ಬಿಡ!” ಎಂದು ಮಹಾದೇವಿ ಬಿದ್ದು ಬಿದ್ದು ನಕ್ಕಳು. ನನ್ನ ಲುಂಗಿಯ ತುದಿ ಒದ್ದೆಯಾಗಿತ್ತು.

ಅಂದಿನಿಂದ ಅವಳ ಮಾತು ನಿಂತಿಲ್ಲ. ಬೆಳ್ಳಿ ಎಂಬ ಕುರಿಯಿದ್ದ ಅಜ್ಜಿಯ ಆ ಹಿಂಡನ್ನು ನಾವು ಮಾರಿದಾಗ ಅವಳಿನ್ನೂ ಹುಟ್ಟಿರಲಿಲ್ಲ. ಆ ಮಧ್ಯಾಹ್ನ ಆಟ ಮುಗಿಸಿ ಚಾಪೆ ಎತ್ತಲು ಬಗ್ಗಿದೆ. ಅದರ ಮೇಲೆ ಬಿದ್ದಿದ್ದ ಕುರಿಹಿಕ್ಕೆ ಇನ್ನೂ ಬೆಚ್ಚಗಿತ್ತು.