ಕಂತು ತಪ್ಪಿಸದ ಕಳ್ಳ

2025ರ ಜೂನ್ 9, ಸೋಮವಾರ, ಬೆಳಿಗ್ಗೆ 11 ಗಂಟೆ 10 ನಿಮಿಷ. ಹಾನಗಲ್ ಪೊಲೀಸ್ ಠಾಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಚಪ್ಪಲಿ ಬಿಟ್ಟಳು. ಬಿಟ್ಟದ್ದನ್ನು ಮತ್ತೆ ಬಗ್ಗಿ ಜೋಡಿಸಿಟ್ಟು ಒಳಗೆ ಬಂದಳು. ಹೆಸರು ಚೌಡವ್ವ, ವಯಸ್ಸು ನಲವತ್ತೆಂಟು, ಪೌರಕಾರ್ಮಿಕಳು. ಕೆಲಸ ಕಾಯಂ ಆಗಿ ಮೂರು ವರ್ಷ.

“ನಾ ಮಾಡದ ಸಾಲ ನನ್ನ ಹೆಸರಿಗೆ ಕುಂತೈತ್ರಿ.”

“ಮೊದಲ ನೀವು ಕುಂದರ್ರಿ,” ಎಂದಳು ಪಿಎಸ್‌ಐ ಸಮತಾ.

ಚೌಡವ್ವ ಕುರ್ಚಿಯ ತುದಿಯಲ್ಲಿ ಕುಳಿತು ಚೀಲದಿಂದ ಕಾಗದಗಳನ್ನು ತೆಗೆದಳು. ಪೌರಕಾರ್ಮಿಕರು, ನರ್ಸುಗಳು, ಬಸ್ ಕಂಡಕ್ಟರುಗಳು ಮುಂತಾದವರಿಗೆ ಮನೆ ಕೊಳ್ಳಲು ನೆರವಾಗುವ ಧರ್ಮಾ ಗೃಹ ನೆರವು ಸಂಘ ಅಕ್ಕಿಆಲೂರು ರಸ್ತೆಯಲ್ಲಿ ಇಪ್ಪತ್ನಾಲ್ಕು ಮನೆ ಕಟ್ಟಿಸಿತ್ತು. ಹದಿನೇಳನೆಯದು ಚೌಡವ್ವನ ಹೆಸರಿಗೆ ಬಂದಿತ್ತು. ಸಂಘ ಅರ್ಧ ಹಣ ಕೊಡುತ್ತದೆ, ಉಳಿದರ್ಧ ಬ್ಯಾಂಕಿನ ಸಾಲ. ಬ್ಯಾಂಕಿನ ಒಪ್ಪಿಗೆ ಪತ್ರ ಜೂನ್ 20ರೊಳಗೆ ಸಂಘಕ್ಕೆ ಸೇರಬೇಕು. ಸೇರದಿದ್ದರೆ ಮನೆ ಪಟ್ಟಿಯಲ್ಲಿ ಮುಂದಿನವರ ಪಾಲು. ಆದರೆ ಚೌಡವ್ವನ ಕ್ರೆಡಿಟ್ ಸ್ಕೋರ್ 548 ಎಂದು ಬ್ಯಾಂಕು ಅರ್ಜಿಯನ್ನು ವಾಪಸ್ ಕಳಿಸಿತ್ತು. ಶಿಗ್ಗಾಂವದ ಒಂದು ಖಾಸಗಿ ಫೈನಾನ್ಸಿನಲ್ಲಿ ಅವಳ ಹೆಸರಿಗೆ ಒಂದು ಲಕ್ಷ ಎಂಬತ್ತು ಸಾವಿರದ ಸಾಲವಿತ್ತು. ನಾಲ್ಕು ಕಂತು ಬಾಕಿ.

ಸಾಲ ಮಾಡಿ ಮರೆತವರನ್ನೂ ಮರೆತಂತೆ ನಟಿಸುವವರನ್ನೂ ಸಮತಾ ನೋಡಿದ್ದಳು.

“ನೆನಪು ಮಾಡಿಕೊಳ್ರಿ. ಮಗಳ ಓದಿಗೆ? ದವಾಖಾನಿಗೆ?”

“ನಾ ಕಸಾ ಎತ್ತಾಕಿ ರೀ ಮೇಡಂ. ಮಂದಿ ಬಿಸಾಕಿದ್ದು ಯಾವ ಓಣ್ಯಾಗ ಎತ್ತಿದ್ನಿ ಅನ್ನೂದು ನೆನಪಿರತೈತಿ. ಲಕ್ಷ ರೂಪಾಯಿ ಎತ್ತಿದ್ದು ಮರೀತೇನೇನ್ರಿ?”

ಹೆಡ್ ಕಾನ್‌ಸ್ಟೆಬಲ್ ಉಳಿವೆಪ್ಪ ದೂರು ಬರೆದುಕೊಂಡ. ಚೌಡವ್ವ ನಾಲಿಗೆ ಕಚ್ಚಿಕೊಂಡು ಸಹಿ ಮಾಡಿದಳು: ಚೌಡವ.

“ಅವ್ವಾ, ಕಡೀಕ ವ ಒತ್ತು ಬಿಟ್ಟೀಯಲ್ಲ,” ಎಂದ ಉಳಿವೆಪ್ಪ.

“ನನ್ನ ಮಗಳು ಅಂಕಿತಾ ಎರಡನೇ ಕ್ಲಾಸಿನ್ಯಾಗ ಇದ್ದಾಗ ಕಲಿಸಿದ್ದಪಾ. ಈಗ ಬಿ.ಎಡ್. ಮಾಡಾಕತ್ತಾಳ, ತಿದ್ದಾಕ ಬರ್ತಾಳ. ನಾ ಒಲ್ಲೆ. ಹಾಜರಿ ಪುಸ್ತಕದಾಗ ಹಿಂಗ ಐತಿ, ಪಗಾರ ಹಿಂಗ ಬರತೈತಿ. ತಿದ್ದಿದ್ರ ನಾ ಬ್ಯಾರೇದಾಕಿ ಆಗ್ತೇನಿ.”

12 ಗಂಟೆ 5 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು: ಮೋಸ, ಬೇರೆಯವರ ಸೋಗು, ಖೊಟ್ಟಿ ದಾಖಲೆ ಸೃಷ್ಟಿ. ಆರೋಪಿ: ಅಪರಿಚಿತ.

ಜೂನ್ 10, ಮಂಗಳವಾರ, ಬೆಳಿಗ್ಗೆ 10.30. ಶಿಗ್ಗಾಂವದ ಫೈನಾನ್ಸ್ ಕಚೇರಿಯ ಮ್ಯಾನೇಜರ್ ಕಡತ ತಂದಿಟ್ಟ. ಫೋಟೋ, ಆಧಾರ್, ಪಾನ್ ಕಾರ್ಡು, ಪಗಾರ ಚೀಟಿ, ಎಲ್ಲವೂ ಚೌಡವ್ವನವೇ. ಸಾಲ ಮಂಜೂರಾದದ್ದು 2023ರ ಮೇ ತಿಂಗಳಲ್ಲಿ. ಹಣ ಹೋದದ್ದು ಅವಳದೇ ಹೆಸರಿನ, ಅವಳಿಗೆ ಗೊತ್ತಿಲ್ಲದ ಒಂದು ಖಾತೆಗೆ. ಅರ್ಜಿಯಲ್ಲಿದ್ದ ಮೊಬೈಲ್ ಸಂಖ್ಯೆಯೂ ಅವಳ ಹೆಸರಿನದೇ, ಅದೂ ಅವಳಿಗೆ ಗೊತ್ತಿಲ್ಲ.

ಸಮತಾ ಕಡತವನ್ನು ಕಿಟಕಿಯ ಬೆಳಕಿಗೆ ಒಯ್ದಳು. ಏಳು ಕಡೆ ಸಹಿ. ದೂರಿನ ಸಹಿಯನ್ನು ಪಕ್ಕಕ್ಕಿಟ್ಟಳು. ಚ ಅಕ್ಷರದ ಕೊಕ್ಕೆ ಅದೇ, ಡ ಮುಗಿಯುವಲ್ಲಿನ ನಡುಕವೂ ಅದೇ. ಕೈ ಪಳಗಿದವರ ಕೆಲಸ. ಆದರೆ ಏಳೂ ಕಡೆ ಕೊನೆಯ ಅಕ್ಷರದ ಕೆಳಗೆ ಪುಟ್ಟದೊಂದು ವ ಒತ್ತು ಕೂತಿತ್ತು.

ನಡುಕವನ್ನೂ ನಕಲು ಮಾಡಿದವರು ತಪ್ಪನ್ನು ಮಾತ್ರ ನಕಲು ಮಾಡಲಾರದೆ ಹೋಗಿದ್ದರು. ಸಮತಾ ಕಡತ ಮುಚ್ಚಿದಳು. ಯಾರಿಗೂ ಹೇಳಲಿಲ್ಲ.

ಕಂತಿನ ಪಟ್ಟಿ ನೋಡುತ್ತಿದ್ದ ಉಳಿವೆಪ್ಪ ತಲೆ ಕೆರೆದುಕೊಂಡ. “ಇದೆಂಥಾ ಕಳ್ಳರೀ ಇಂವಾ? ಮಂದಿ ಹೆಸರಿನ್ಯಾಗ ಸಾಲಾ ತಗೊಂಡಾಂವ ರೊಕ್ಕಾ ಎತ್ತಿಕೊಂಡು ಓಡಬೇಕು. ಇಂವಾ ಇಪ್ಪತ್ತು ತಿಂಗಳು ಒಂದ ದಿನಾ ತಪ್ಪಿಸದಂಗ ಕಂತು ತುಂಬ್ಯಾನ. ನನ್ನ ಬೈಕಿನ ಕಂತು ನಾ ಹಿಂಗ ತುಂಬಿಲ್ಲ.”

“ತಪ್ಪಿದ್ದು ಯಾವಾಗಿಂದ?”

“ಈ ಫೆಬ್ರವರಿಯಿಂದ.”

ಕಳ್ಳ ಯಾಕೆ ಕಂತು ತುಂಬುತ್ತಾನೆ? ಆ ಪ್ರಶ್ನೆ ಸಮತಾಳ ಹಲ್ಲಿನ ಸಂದಿಯಲ್ಲಿ ಅಡಿಕೆ ಚೂರಿನಂತೆ ಸಿಕ್ಕಿಕೊಂಡಿತು.

ಎಲ್ಲಾ ಕಂತುಗಳೂ ನಗದು. ಕೆಲವು ಸವಣೂರಿನ ಕೌಂಟರಿನಲ್ಲಿ, ಕೆಲವು ಹಿರೇಕೆರೂರಿನ ಕೌಂಟರಿನಲ್ಲಿ. ಸವಣೂರಿನವು ಬರೀ ಮಂಗಳವಾರ, ಹಿರೇಕೆರೂರಿನವು ಬರೀ ಗುರುವಾರ. ಹಾನಗಲ್ಲಿನಲ್ಲಿ ಒಂದೂ ಇಲ್ಲ.

“ಈ ಸಾಲ ಚೌಡವ್ವಂದಲ್ಲ ಅಂತ ನೀವು ಪತ್ರ ಕೊಟ್ರ ಬ್ಯಾಂಕು ಒಪ್ಪತೈತಿ,” ಎಂದಳು ಸಮತಾ.

ಮ್ಯಾನೇಜರ್ ಕೈ ಮುಗಿದ. “ಹಂಗಾದ್ರ ಯಾರದು ಅಂತ ಬರೀಲಿ ಮೇಡಂ? ಹೆಸರು ತರ್ರಿ, ಆವತ್ತ ಪತ್ರಾ ಕೊಡ್ತೇನಿ.”

ಜೂನ್ 11, ಬುಧವಾರ, ಮಧ್ಯಾಹ್ನ 12. ಹಾನಗಲ್ಲಿನ ಸಂಘದ ಕಚೇರಿ. ಗೋಡೆಯ ಮೇಲೆ ಊರೂರಿಗೆ ಹೋಗಿ ಅರ್ಜಿ ತುಂಬಿಸುವ ಶಿಬಿರಗಳ ವೇಳಾಪಟ್ಟಿ ತೂಗುತ್ತಿತ್ತು: ತಿಂಗಳ ಮೊದಲ ಮಂಗಳವಾರ ಸವಣೂರು, ಮೊದಲ ಗುರುವಾರ ಹಿರೇಕೆರೂರು. ಸಮತಾ ಎರಡು ಸಲ ಓದಿದಳು. ಶಿಬಿರಕ್ಕೆ ಒಂದೇ ಜೀಪಿನಲ್ಲಿ ಮೂವರು ಹೋಗುತ್ತಾರೆಂದು ತಿಳಿಯಿತು. ಸಂಘದ ಕಾರ್ಯದರ್ಶಿ ಕುಬೇರಪ್ಪ. ಶಿಗ್ಗಾಂವದ ಫೈನಾನ್ಸಿನ ಏಜೆಂಟ್ ಶರಣು. ಸಂಘದ ಕಂಪ್ಯೂಟರ್ ಆಪರೇಟರ್ ನೀಲಾಂಬಿಕಾ.

“ಚೌಡವ್ವನ ಫೈಲ್ ಶಿಗ್ಗಾಂವಕ್ಕ ಒಯ್ದಾಂವ ನೀನ ಅಲ್ಲೇನು?” ಎಂದು ಶರಣುವನ್ನು ಕೇಳಿದಳು.

“ನಾ ಒಯ್ಯಾಂವಷ್ಟ ರೀ. ಸಂಘದಾಗಿಂದ ತುಂಬಿದ ಫಾರ್ಮು ಗಂಟು ಕಟ್ಟಿ ಬರ್ತಾವ. ತಿಂಗಳಿಗೆ ನಲವತ್ತು. ಎಲ್ಲಾರ ಮಾರಿ ನೋಡ್ಕೋತ ಕುಂದ್ರಾಕ ನಾ ಏನ್ ಕನ್ಯಾ ನೋಡಾಕ ಬಂದೇನೇನ್ರಿ?”

“ಕಮಿಷನ್?”

ಶರಣು ಕೈಗಡಿಯಾರವನ್ನು ಅಂಗಿಯ ತೋಳಿನೊಳಗೆ ಸರಿಸಿಕೊಂಡ. ಹೊಸದು.

ಕುಬೇರಪ್ಪ ಮಾತಿಗೆ ಮೊದಲೇ ಬೆವರಿದ. “ಆಡಿಟ್ ನಡದೈತ್ರಿ ಮೇಡಂ. ಸಂಘದ ಹೆಸರು ಪೇಪರಿನ್ಯಾಗ ಬರೂದು ಬ್ಯಾಡ. ಇದೇ ಆಡಿಟ್ ಸಲುವಾಗಿ ಫೆಬ್ರವರಿಯಿಂದ ಗುತ್ತಿಗಿಯವರ ಪಗಾರ ನಿಂತೈತಿ. ಆದ್ರೂ ನೋಡ್ರಿ, ನಮ್ಮ ಆಪರೇಟರ್ ನೀಲವ್ವ ಒಂದಿನಾ ತಪ್ಪಿಸಿಲ್ಲ. ಹನ್ನೊಂದು ವರ್ಷ ಆತು, ಆಕಿ ತುಂಬಿದ ಅರ್ಜಿ ಒಂದೂ ವಾಪಸ್ ಬಂದಿಲ್ಲ.”

ಫೆಬ್ರವರಿ. ಸಮತಾ ತಲೆ ಎತ್ತಲಿಲ್ಲ. ಆದರೆ ಈ ಕಚೇರಿಯಲ್ಲಿ ಗುತ್ತಿಗೆಯವರು ಆರು ಮಂದಿ. ಪಗಾರ ನಿಂತದ್ದು ಅಪರಾಧವಲ್ಲ.

ನೀಲಾಂಬಿಕಾ ಮೂವತ್ತೈದರ ಹೆಣ್ಣು. ತಾಯಿ ಸರೋಜವ್ವನ ಜೊತೆ ಅಕ್ಕಿಆಲೂರಿನಲ್ಲಿ ಬಾಡಿಗೆಗೆ ಇದ್ದಳು. ಪ್ರಶ್ನೆಗೆ ಕಾಯದೆ ಶಿಬಿರದ ರಿಜಿಸ್ಟರುಗಳನ್ನು ವರ್ಷವಾರು ತಂದಿಟ್ಟಳು.

“ಈ ಸ್ಕೋರಂದ್ರ ಏನು? ನನಗ ತಿಳಿಯೂ ಹಂಗ ಹೇಳ್ರಿ.”

“ಮುನ್ನೂರರಿಂದ ಒಂಬತ್ತುನೂರು ಇರ್ತದ್ರಿ. ಸಾಲ ತಗೊಂಡು ವ್ಯಾಳ್ಯಾಕ್ಕ ತುಂಬಿದ್ರ ಏರ್ತದ, ತಪ್ಪಿದ್ರ ಇಳೀತದ. ಎಂದೂ ಸಾಲಾನ ಮಾಡದವರದು ಮೈನಸ್ ಒಂದು.”

“ಸಾಲ ಮಾಡದವರು ಕೆಟ್ಟವರೇನು?”

“ಕೆಟ್ಟವರಲ್ರಿ. ಗುರುತಿಲ್ಲದವರು.”

“ನಿಮ್ದೆಷ್ಟು?”

“ನಂದು ನೋಡಿಲ್ರಿ,” ಎಂದು ನೀಲಾಂಬಿಕಾ ರಿಜಿಸ್ಟರಿನ ಧೂಳು ಒರೆಸಿದಳು.

ಜೂನ್ 13, ಶುಕ್ರವಾರ. ಗೊತ್ತಿಲ್ಲದ ಆ ಮೊಬೈಲ್ ಸಂಖ್ಯೆಯ ವಿವರ ಬಂತು. ಎರಡೇ ಸಲ ಚಾಲೂ ಆಗಿತ್ತು, ಎರಡೂ ಶಿಬಿರದ ದಿನ. ಮೂವರೂ ಅಲ್ಲೇ ಇದ್ದರು. ಸಹಿಗಳನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ವರದಿ ಬರಲು ತಿಂಗಳುಗಳು ಬೇಕು. ಕೌಂಟರಿನ ಕ್ಯಾಮೆರಾದಲ್ಲಿ ಹಳೆಯ ಚಿತ್ರ ಉಳಿದಿರಲಿಲ್ಲ.

ಸಂಜೆ ಚೌಡವ್ವ ಬಂದಳು. “ಇನ್ನ ಏಳು ದಿನಾ ಉಳದಾವ್ರಿ.”

“ಎರಡು ವರ್ಷದ ಹಿಂದ ಶಿಬಿರದಾಗ ಹೆಬ್ಬೆಟ್ಟು ಒತ್ತಿದ್ರೇನು?”

“ಸ್ಕೋರ್ ನೋಡಾಕ ಅಂತ ಒತ್ತಿಸಿದ್ರು. ಮೂರ್ನಾಕು ಸಲ. ಕಸಬರಿಗಿ ಹಿಡದು ಬೆರಳು ಸವದಾವ, ಮಷೀನ್ ಹಿಡೀವಲ್ದು ಅಂದ್ರು.”

“ಯಾರು ಅಂದ್ರು?”

“ಮೂರೂ ಮಂದಿ ಇದ್ರಲ್ರಿ. ಗದ್ದಲಾ.” ಚೌಡವ್ವ ಬೆರಳು ಚಾಚಿ ತೋರಿಸಿದಳು. ತುದಿಗಳು ನುಣ್ಣಗಾಗಿದ್ದವು. ಯಂತ್ರ ಹಿಡಿಯದಿದ್ದದ್ದು ನಿಜವೇ ಇರಬಹುದು. ಹಿಡಿದೂ ಹಿಡಿಯಲಿಲ್ಲ ಎಂದಿದ್ದರೆ ಒಂದು ಒತ್ತು ಸ್ಕೋರಿಗೆ, ಒಂದು ಸಿಮ್ಮಿಗೆ, ಒಂದು ಖಾತೆಗೆ.

ಅವಳು ಹೋದ ಮೇಲೆ ಸಮತಾ ಉಳಿವೆಪ್ಪನನ್ನು ಕರೆದಳು. “ಶಿಬಿರದ ರಿಜಿಸ್ಟರ್ ಜಪ್ತಿ ಪಂಚನಾಮೆ ತಯಾರ್ ಮಾಡ್ರಿ. ಚೌಡವ್ವನ ಹೆಸರು ಆಕಿ ಸಹಿ ಮಾಡಿದಂಗ ಟೈಪ್ ಮಾಡ್ರಿ.”

“ಒತ್ತಿಲ್ಲದ? ತಪ್ಪಾಗತೈತಲ್ರಿ.”

“ನೀವು ಟೈಪ್ ಮಾಡಿದ್ರಾಗ ಒಂದು ತಪ್ಪು ಹೆಚ್ಚಾದ್ರ ಯಾರಿಗೂ ಸಂಶಯ ಬರಂಗಿಲ್ಲ.”

ಟೈಪಿಂಗ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ ಉಳಿವೆಪ್ಪ ಮೀಸೆಯಲ್ಲೇ ನಕ್ಕ.

ಜೂನ್ 16, ಸೋಮವಾರ, ಬೆಳಿಗ್ಗೆ 11. ರಿಜಿಸ್ಟರ್ ಒಪ್ಪಿಸಿದ್ದಕ್ಕೆ ಸಹಿ ಬೇಕೆಂದು ಮೂವರನ್ನೂ ಠಾಣೆಗೆ ಕರೆಸಲಾಯಿತು. ಒಬ್ಬೊಬ್ಬರಿಗೂ ಒಂದೊಂದು ಪ್ರತಿ.

“ಓದಿ ಸಹಿ ಮಾಡ್ರಿ.”

“ಓದೂದೇನೈತ್ರಿ, ನೀವ ಬರದೀರಿ,” ಎಂದು ಕುಬೇರಪ್ಪ ನಿಂತಲ್ಲೇ ಸಹಿ ಮಾಡಿದ.

ಶರಣು ಬೆರಳಿಟ್ಟು ತನ್ನ ಹೆಸರು ಹುಡುಕಿದ. ಸಾಕ್ಷಿ ಎಂದಿದೆಯೋ ಆರೋಪಿ ಎಂದಿದೆಯೋ ಎಂದು ಎರಡು ಸಲ ನೋಡಿ ಸಹಿ ಹಾಕಿದ.

ನೀಲಾಂಬಿಕಾ ಕುಳಿತು ಓದಿದಳು. ಎರಡನೆಯ ಪುಟದಲ್ಲಿ ಅವಳ ಕಣ್ಣು ನಿಂತಿತು. ಪೆನ್ನಿನ ಟೊಪ್ಪಿಗೆ ತೆಗೆದು ‘ಚೌಡವ’ದ ಕೊನೆಗೆ ಒಂದು ವ ಒತ್ತು ಇಟ್ಟಳು. ತಿದ್ದುಪಡಿಯ ಪಕ್ಕದಲ್ಲಿ, ನಿಯಮದಂತೆ, ಚಿಕ್ಕ ಸಹಿ. ಮೂರನೆಯ ಪುಟದಲ್ಲಿ ಮತ್ತೊಂದು. ಆಮೇಲೆ ಕೈ ನಿಂತುಹೋಯಿತು.

ಅವಳು ತಲೆ ಎತ್ತಿದಾಗ ಸಮತಾ ಫೈನಾನ್ಸಿನ ಅರ್ಜಿಯನ್ನು ಮೇಜಿನ ಮೇಲೆ ಬಿಚ್ಚಿಟ್ಟಿದ್ದಳು. ಪಕ್ಕದಲ್ಲಿ ಪುರಸಭೆಯ ಹಾಜರಿ ಪುಸ್ತಕ.

“ಆರು ವರ್ಷದ ಹಾಜರಿ ಐತಿ. ಒಂದರಾಗೂ ಆಕಿ ಒತ್ತು ಕೊಟ್ಟಿಲ್ಲ. ಅರ್ಜ್ಯಾಗ ಏಳೂ ಕಡೆ ಐತಿ. ಯಾಕ?”

ಹೊರಗೆ ಕುಬೇರಪ್ಪ ಯಾರಿಗೋ ಫೋನಿನಲ್ಲಿ ಜೋರಾಗಿ ಸಮಾಧಾನ ಹೇಳುತ್ತಿದ್ದ. ನೀಲಾಂಬಿಕಾ ಪೆನ್ನಿನ ಟೊಪ್ಪಿಗೆ ಹಾಕಿದಳು.

“ಹೆಸರು ತಪ್ಪಿದ್ರ ಅರ್ಜಿ ವಾಪಸ್ ಬರ್ತದ್ರಿ,” ಎಂದಳು.

ಮಧ್ಯಾಹ್ನ 1.40ಕ್ಕೆ ಅಕ್ಕಿಆಲೂರಿನ ಬಾಡಿಗೆ ಮನೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಶೋಧ. ಅಡುಗೆ ಮನೆಯ ಸಾಸಿವೆ ಡಬ್ಬಿಯಲ್ಲಿ ಸಿಮ್ ಕಾರ್ಡು. ಟ್ರಂಕಿನಲ್ಲಿ ಚೌಡವ್ವನ ಹೆಸರಿನ ಪಾಸ್‌ಬುಕ್, ದಿನಾಂಕದ ಪ್ರಕಾರ ಪಿನ್ ಹೊಡೆದ ಇಪ್ಪತ್ತು ರಸೀದಿ, ಚಿಕ್ಕೇರೂರಿನಲ್ಲಿ ಒಂದು ನಿವೇಶನಕ್ಕೆ ಮುಂಗಡ ಕೊಟ್ಟ ಕರಾರು ಪತ್ರ. ಕೊನೆಗೆ ಸಂಘದ ಮನೆ ಅರ್ಜಿಯ ನಮೂನೆ ಒಂದು. ಅರ್ಜಿದಾರರ ಹೆಸರು ನೀಲಾಂಬಿಕಾ. ಎಲ್ಲಾ ಕಾಲಮ್ಮುಗಳನ್ನೂ ಮುತ್ತಿನಂಥ ಅಕ್ಷರದಲ್ಲಿ ತುಂಬಲಾಗಿತ್ತು. ‘ನೌಕರಿಯ ಸ್ವರೂಪ: ಕಾಯಂ / ಇತರೆ’ ಎಂಬಲ್ಲಿ ಮಾತ್ರ ಗುರುತು ಹಾಕಿರಲಿಲ್ಲ.

ಸರೋಜವ್ವ ಪಂಚರಿಗೆ ನೀರು ಕೊಟ್ಟಳು. “ಮನೀ ಮಾಲಕರು ಕಳಿಸ್ಯಾರೇನು?” ಎಂದು ಕೇಳಿದಳು. “ಈ ತಿಂಗಳು ಖಾಲಿ ಮಾಡ್ತೇವಂತ ಹೇಳೇವಲ್ಲ.”

ಮೂರೂವರೆಗೆ ಠಾಣೆಯಲ್ಲಿ ಹೇಳಿಕೆ.

“ಚೌಡವ್ವನ್ನ ಯಾಕ ಆರಿಸಿದಿ?”

“ಆಕಿ ಮೈನಸ್ ಒಂದು ಇದ್ಲ್ರಿ. ನನ್ನಂಗ. ಆದ್ರ ಆಕಿ ಕಾಯಂ. ನಂದು ಗುತ್ತಿಗಿ, ಹನ್ನೊಂದು ತಿಂಗಳಿಗೊಮ್ಮೆ ಹೊಸಾ ಆರ್ಡರ್. ಬ್ಯಾಂಕಿನವರು ಆರ್ಡರ್ ನೋಡಿ ಕಾಗದಾ ಮುಟ್ಟಂಗಿಲ್ಲ. ಆರುನೂರಾ ಹನ್ನೆರಡು ಮನೀ ಅರ್ಜಿ ತುಂಬೇನ್ರಿ ನಾ. ನಾವು ಏಳು ಮನೀ ಬದಲ ಮಾಡೇವಿ.”

“ಕಂತು?”

“ಮುಳುಗಿಸಬೇಕಂತ ಮಾಡಿದ್ದಲ್ರಿ. ಮೂವತ್ತಾರು ತುಂಬಿ ಮುಗಿಸ್ತಿದ್ನಿ, ಆಕಿಗೆ ಗೊತ್ತೂ ಆಗ್ತಿರಲಿಲ್ಲ. ಪಗಾರ ನಿಂತುಬಿಡ್ತು.” ಮೇಜಿನ ಮೇಲಿದ್ದ ರಸೀದಿಗಳ ಅಂಚನ್ನು ಸರಿಯಾಗಿ ಜೋಡಿಸಿದಳು. “ಜನವರಿ ತನಕ ಆಕಿ ಸ್ಕೋರು ಏಳುನೂರಾ ಅರವತ್ತೆಂಟು ಇತ್ತು. ನಾ ತಿಂಗಳಾ ನೋಡ್ತಿದ್ನಿ. ಚಲೋ ಏರಿತ್ತು.”

ಸಮತಾ ಬರೆದುಕೊಂಡಳು. ಯಾರದ್ದೋ ಹೆಸರಿನಲ್ಲಿ ಇಪ್ಪತ್ತು ತಿಂಗಳು ನಂಬಿಕಸ್ಥಳಾಗಿ ಬದುಕಿದ್ದಕ್ಕೆ ಯಾವ ಕಲಂ ಎಂದು ಅವಳಿಗೆ ಗೊತ್ತಿರಲಿಲ್ಲ. ಉಳಿದ ಕಲಮುಗಳು ಎಫ್‌ಐಆರಿನಲ್ಲಿದ್ದವು.

ನಾಲ್ಕೂ ಕಾಲಿಗೆ ಫೈನಾನ್ಸಿಗೆ ಕೊಡುವ ವರದಿ ಸಿದ್ಧವಾಯಿತು. ಕೆಳಗೆ ಆರೋಪಿಯ ಹೆಸರು. ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ಚೌಡವ್ವನ ಕೈಗೆ ಉಳಿವೆಪ್ಪ ಅದನ್ನು ಕೊಟ್ಟ. ಮ್ಯಾನೇಜರನಿಗೆ ಫೋನಾಗಿತ್ತು. ನಾಳೆ ಬೆಳಿಗ್ಗೆಯೇ ಪತ್ರ ಕೊಡುತ್ತಾನೆ. ಬ್ಯಾಂಕಿಗೆ ಮೂರು ದಿನ ಉಳಿಯುತ್ತದೆ.

ಇಂಗ್ಲಿಷಿನಲ್ಲಿದ್ದ ಕಾಗದವನ್ನು ಚೌಡವ್ವ ತಿರುಗಿಸಿ ನೋಡಿದಳು. “ಹೋಗ್ತಾ ಒಮ್ಮೆ ನೀಲವ್ವಗ ತೋರಿಸಿ ಒಯ್ಲೇನಪಾ? ಏನರ ತಪ್ಪಿದ್ರ ಆಕಿ ಹಿಡೀತಾಳ.”

ಉಳಿವೆಪ್ಪ ಶಿಗ್ಗಾಂವದ ಬಸ್ಸು ಬೆಳಿಗ್ಗೆ ಎಷ್ಟಕ್ಕೆಂದು ಹೇಳಿ ಒಳಗೆ ಬಂದ.

4 ಗಂಟೆ 50 ನಿಮಿಷಕ್ಕೆ ದಸ್ತಗಿರಿ. ಉಳಿವೆಪ್ಪ ದಸ್ತಗಿರಿ ಪತ್ರವನ್ನು ಟೈಪ್ ಮಾಡಿ ತಂದ. ನೀಲಾಂಬಿಕಾ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಅವಳ ಹೆಸರು ‘ನಿಲಾಂಬಿಕಾ’ ಎಂದಿತ್ತು. ದೀರ್ಘ ಬಿಟ್ಟುಹೋಗಿತ್ತು.

ಪೆನ್ನಿನ ತುದಿ ಆ ಅಕ್ಷರದ ಮೇಲೆ ಬಂದು ನಿಂತಿತು. ಸಮತಾ ಕಾದಳು.

ನೀಲಾಂಬಿಕಾ ಪೆನ್ನನ್ನು ಕೆಳಗಿನ ಗೆರೆಗೆ ಇಳಿಸಿ, ತಿದ್ದದೆ, ಸಹಿ ಮಾಡಿದಳು.