ಆರಿಸಬೇಡ

"ಆರಿಸಬೇಡ! ಅಯ್ಯೋ, ಆರಿಸಬೇಡ!"

ಗೇಟಿನ ಬಳಿ ನಿಂತಿದ್ದ ಹಿರಿಸೊಸೆಯ ಬಾಯಿಂದ ಆ ಕೂಗು ಹೊರಬಿದ್ದಾಗ ಇಡೀ ಬೀದಿ ತಿರುಗಿ ನೋಡಿತು. ಓಡಿಸಿ ನೋಡಲೆಂದು ಶೋರೂಮಿನಿಂದ ತಂದಿದ್ದ ಕೆಂಪು ಟರ್ಬೋ ಕಾರು ಬೀದಿಯ ಕಡಿದಾದ ಏರನ್ನು ಒಂದೇ ಉಸಿರಿಗೆ ಹತ್ತಿ ಬಂದು ಮನೆಯ ಮುಂದೆ ಗಕ್ಕನೆ ನಿಂತಿತ್ತು. ಸ್ಟೀರಿಂಗ್ ಹಿಡಿದಿದ್ದ ಮೈದುನ ಗೆದ್ದುಬಂದವನ ಠೀವಿಯಲ್ಲಿ ಕೀಲಿಗೆ ಕೈ ಹಾಕಿದ್ದ. ಪಕ್ಕದಲ್ಲಿ ಟೈ ಕಟ್ಟಿದ ಸೇಲ್ಸ್‌ಮನ್, ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಹಿರಿಸೊಸೆಯ ಗಂಡ. ಕೂಗು ಕೇಳಿ ಮೈದುನ ಬೆಚ್ಚಿದ. ಬೆಚ್ಚಿದ ಭರಕ್ಕೇ ಕೀಲಿ ತಿರುಗಿತು. ಎಂಜಿನ್ ಸತ್ತಿತು.

ಸೇಲ್ಸ್‌ಮನ್ನನ ಮುಖ ಇಳಿದುಹೋಯಿತು. "ಯಾಕೆ ಮೇಡಂ? ಗಾಡೀಲಿ ಏನಾದ್ರೂ ದೋಷ ಕಾಣಿಸ್ತಾ?"

ಎದುರು ಮನೆಯ ಮಹಡಿಯಿಂದ ಯಾರೋ ಗಟ್ಟಿಯಾಗಿ ನಕ್ಕರು. "ಗ್ಯಾರೇಜಿನವರೇ ಆರಿಸಬೇಡ ಅಂದ್ಮೇಲೆ ಮುಗೀತು ಬಿಡಿ ಸ್ವಾಮಿ! ಗಾಡಿ ವಾಪಸ್ ತಗೊಂಡ್ಹೋಗಿ!"

ಅವಳು ಆ ಮಾತು ಹೇಳಿದ್ದು ಎಂಜಿನ್ನಿನ ಬಗ್ಗೆ. ಅವಳು ಎಂಟು ವರ್ಷದಿಂದ ದುಡಿಯುತ್ತಿರುವ ಗ್ಯಾರೇಜಿನಲ್ಲಿ ಮುದುಕ ಮೇಸ್ತ್ರಿ ದೀಪವನ್ನೂ ಆರಿಸು ಅನ್ನುತ್ತಾನೆ, ಗಾಡಿಯನ್ನೂ ಆರಿಸು ಅನ್ನುತ್ತಾನೆ. ಅದೇ ಮಾತು ಅವಳ ನಾಲಗೆಗೂ ಅಂಟಿತ್ತು. ಆದರೆ ಈ ಮನೆಯಲ್ಲಿ ಹದಿನೈದು ದಿನದಿಂದ ಆ ಪದಕ್ಕೆ ಇದ್ದದ್ದು ಒಂದೇ ಅರ್ಥ. ಟರ್ಬೋ ಇರುವುದನ್ನು ಆರಿಸುವುದೋ, ಇಲ್ಲದ್ದನ್ನು ಆರಿಸುವುದೋ? ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. ದಿನವಿಡೀ ಟರ್ಬೋಗಳನ್ನೇ ಬಿಚ್ಚಿ ಜೋಡಿಸುವವಳನ್ನು ಮಾತ್ರ ಒಬ್ಬರೂ ಒಂದು ಮಾತು ಕೇಳಿರಲಿಲ್ಲ! ಅವಳೂ ಬಾಯಿ ಹಾಕಬಾರದೆಂದು ತುಟಿ ಕಚ್ಚಿಕೊಂಡೇ ಇದ್ದಳು. ದುಡಿಯುವ ಹೆಣ್ಣಿನ ಎರಡು ಕೈ ಮನೆಗೆ ಬೇಕು, ಸಂಬಳ ಬೇಕು, ಬೆನ್ನು ಬೇಕು... ಬಾಯಿ ಮಾತ್ರ ಬೇಡ. ಆ ಬೇಡವಾದ ಬಾಯಿಯೇ ಇವತ್ತು ಬೀದಿಯ ನಡುವೆ ಅವಳಿಗೆ ಕೈಕೊಟ್ಟಿತ್ತು.

ಸೇಲ್ಸ್‌ಮನ್ ಕಾರಿನೊಂದಿಗೆ ಇಳಿದುಹೋಗುತ್ತಿದ್ದಂತೆ ಬಾಗಿಲು ಮುಚ್ಚಿತು. ಅತ್ತೆ ತಮ್ಮ ಬೆತ್ತದ ಕುರ್ಚಿಯಲ್ಲಿ ಕೂತರು. ಮೂವತ್ತು ವರ್ಷ ಶಾಲೆಯಲ್ಲಿ ವ್ಯಾಕರಣ ಕಲಿಸಿದ ಗಂಟಲು ಅದು. ಮೂತ್ರಪಿಂಡ ಸೋತು ಮೈ ಅರ್ಧವಾಗಿದ್ದರೂ ದನಿ ಮಾತ್ರ ಒಂದಿಷ್ಟೂ ಸವೆದಿರಲಿಲ್ಲ.

"ನಾಲ್ಕು ಜನರ ಮುಂದೆ ನನ್ನ ಮಗನ ಮುಖಕ್ಕೆ ಮಸಿ ಬಳಿದೆಯಲ್ಲೇ... ಹೊಟ್ಟೆ ತಣ್ಣಗಾಯ್ತಾ?"

"ಅತ್ತೆ, ನಾನು ಈ ಕಾರು ಆರಿಸಬೇಡ ಅನ್ನಲಿಲ್ಲ. ಎಂಜಿನ್ ಆರಿಸಬೇಡ ಅಂದೆ. ಏರು ಹತ್ತಿ ಬಂದಾಗ ಟರ್ಬೋ ಕೆಂಡ ಆಗಿರತ್ತೆ. ಒಂದು ನಿಮಿಷ ನಿಂತಲ್ಲೇ ಓಡೋಕೆ ಬಿಟ್ಟು ಆಮೇಲೆ ಆರಿಸಬೇಕು. ತಟ್ಟಂತ ಆರಿಸಿದ್ರೆ ಒಳಗಿನ ಎಣ್ಣೆ ಅಲ್ಲೇ ನಿಂತು ಸುಟ್ಟು ಕರಿ ಕಟ್ಟತ್ತೆ..."

"ನಾನಾರ್ಥ ಪದ ನನಗೇ ಹೇಳ್ಕೊಡ್ತೀಯಾ? ನಾನಾರ್ಥ ಬರೆಯದೆ ನನ್ನ ಪರೀಕ್ಷೇಲಿ ಒಬ್ಬರೂ ಪಾಸಾಗಿಲ್ಲ. ನಿನ್ನ ಮನಸ್ಸಲ್ಲಿದ್ದ ಅರ್ಥ ಯಾವುದು ಅಂತ ನನಗೆ ಗೊತ್ತಾಗಲ್ವಾ?"

ಮೈದುನ ಶೋರೂಮಿನವರು ಕೊಟ್ಟಿದ್ದ, ಮೇಜಿನ ಮೇಲಿದ್ದ ಬಣ್ಣದ ಪುಸ್ತಕವನ್ನು ಫಟ್ಟನೆ ಬಡಿದ. ಅವನಿಗೆ ಮದುವೆಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಮನೆಯವರ ಅಂಗಳದಲ್ಲಿ ಟರ್ಬೋ ಕಾರು ನಿಂತಿತ್ತು. "ಅವಳ ಅಪ್ಪನ ಮುಂದೆ ನಾನು ಎಂಥ ಗಾಡೀಲಿ ಇಳೀಬೇಕು ಅತ್ತಿಗೆ? ಏದುಸಿರು ಬಿಡೋ ಡಬ್ಬದಲ್ಲಾ? ಗ್ರೀಸ್ ಮೆತ್ತಿದ ಕೈಯಲ್ಲೇ ಬಾಯೂ ಒರೆಸ್ಕೋತೀರ ಅನ್ಸತ್ತೆ, ಮಾತು ಹಾಗೆ ಜಾರತ್ತೆ! ಟರ್ಬೋದಿಂದಲೇ ನಿಮ್ಮ ಸಂಬಳ. ಊರಿಗೆಲ್ಲ ಟರ್ಬೋ ಬೇಕು, ನಮಗೆ ಮಾತ್ರ ಬೇಡ. ಏನು ನ್ಯಾಯ ಸ್ವಾಮಿ ಇದು!"

"ದಿನಾ ಕೆಟ್ಟಿದ್ದನ್ನೇ ಬಿಚ್ಚೋಳು ನಾನು. ಅದು ಯಾಕೆ ಕೆಡತ್ತೆ ಅಂತ ನನಗೆ ಗೊತ್ತಿರಬಾರದಾ?"

"ಕೇಳಿದೆಯಾ ಅಮ್ಮ? ಬಂತು ನೋಡು, ಹೊಟ್ಟೇಲಿದ್ದದ್ದು ಬಾಯಿಗೆ!"

ಗಂಡ ಕಿಟಕಿಯ ಬಳಿ ನಿಂತಿದ್ದ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಗಾಜಿನ ಸಾಮಾನು ಕಾಯುವ ಕೆಲಸ ಅವನದು. ಮನೆಯಲ್ಲೂ ಯಾರನ್ನೂ ತಾಕದಂತೆ ಓಡಾಡುವುದು ಅವನಿಗೆ ರೂಢಿಯಾಗಿಹೋಗಿತ್ತು. "ಸರಿ ಮಾರಾಯ್ತಿ, ಇಷ್ಟು ರಗಳೆ ಆಯ್ತಲ್ಲ, ಇನ್ನು ಹೇಳೇಬಿಡು. ಯಾವುದು ತರಬೇಕು ಅಂತೀಯ?"

ಹತ್ತು ವರ್ಷದ ಸಂಸಾರದಲ್ಲಿ ಅವಳ ಮುಂದೆ ಅಂಥ ಪ್ರಶ್ನೆ ಬಂದದ್ದು ಅದೇ ಮೊದಲು. ಅದೂ ಬೈಗುಳದ ಬಾಲಕ್ಕೆ ಕಟ್ಟಿಕೊಂಡು ಬಂದಿತ್ತು! ಆದರೂ ಅವಳು ಮೇಸ್ತ್ರಿಯ ಮುಂದೆ ನಿಂತು ವಿವರ ಒಪ್ಪಿಸುವ ಹಾಗೆ ನೆಟ್ಟಗೆ ನಿಂತಳು.

"ಆಗಾಗ ದೂರದ ಊರಿಗೆ ಹೋಗೋ ಮನೆ ಆಗಿದ್ರೆ, ಸಾಮಾನು ತುಂಬ್ಕೊಂಡು ಬೆಟ್ಟ ಹತ್ತೋ ಮನೆ ಆಗಿದ್ರೆ ಟರ್ಬೋನೇ ತನ್ನಿ ಅಂತಿದ್ದೆ. ಏರಲ್ಲಿ ಅದರ ಮುಂದೆ ಇನ್ನೊಂದು ನಿಲ್ಲಲ್ಲ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ಈ ಕಾರು ನಾವು ಯಾಕೆ ತರ್ತಾ ಇದ್ದೀವಿ? ವಾರಕ್ಕೆ ಮೂರು ದಿನ ಅತ್ತೆಗೆ ಡಯಾಲಿಸಿಸ್. ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷ. ಎಂಜಿನ್ ಬಿಸಿ ಆಗೋದ್ರೊಳಗೆ ಆಸ್ಪತ್ರೆ ಬಂದಿರತ್ತೆ. ಉದ್ದಕ್ಕೂ ಸಿಗ್ನಲ್ಲು, ನಿಲ್ಲು, ಹೊರಡು. ಟರ್ಬೋಗೆ ಅಂಥ ಓಡಾಟ ಆಗಿಬರಲ್ಲ. ಅದೂ ಹೋಗ್ಲಿ... ನಾವು ಕಾಲು ಒತ್ತಿದ್ರೆ ಅದು ಒಂದು ಕ್ಷಣ ಯೋಚನೆ ಮಾಡಿ, ಆಮೇಲೆ ಬೆನ್ನಿಗೆ ಗುದ್ದಿದ ಹಾಗೆ ನೂಕತ್ತೆ. ಆಸ್ಪತ್ರೆಯಿಂದ ಬರುವಾಗ ಅತ್ತೆಗೆ ತಲೆ ಸುತ್ತತ್ತೆ, ಹೊಟ್ಟೆ ತೊಳಸತ್ತೆ. ಬಾಡಿಗೆ ಕಾರಲ್ಲಿ ಪಕ್ಕದಲ್ಲಿ ಚೀಲ ಹಿಡ್ಕೊಂಡು ಕೂರೋಳು ನಾನು, ನನಗೆ ಗೊತ್ತು. ಟರ್ಬೋ ಇಲ್ಲದ್ದು ನಿಧಾನ, ಆದ್ರೆ ಒಂದೇ ಸಮ ಎಳೆಯತ್ತೆ. ನಮ್ಮ ಬೀದಿ ಏರಿಗೆ ಎರಡನೇ ಗೇರು ಹಾಕಿದ್ರೆ ಆಯ್ತು. ಕೂಗತ್ತೆ... ಆದ್ರೆ ಹತ್ತತ್ತೆ."

ಅತ್ತೆಯ ಎಡಗೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಹಗ್ಗದಂತೆ ಉಬ್ಬಿದ್ದ ನರದ ಮೇಲೆ ಅವರದೇ ಬಲಗೈ ಬಂದು ಕೂತಿತು. ಆ ಮುಖ ಕರಗಬಹುದೇನೋ ಎಂದು ಹಿರಿಸೊಸೆಗೆ ಅನ್ನಿಸಿದ್ದು ಒಂದು ಗಳಿಗೆ ಮಾತ್ರ.

"ನನ್ನ ವಾಂತಿನೂ ಬಿಡಲಿಲ್ವಾ ನೀನು? ನನ್ನ ಕಾಯಿಲೆ ಮುಂದೆ ಹಿಡ್ಕೊಂಡು ನಿನ್ನ ಹಟ ಗೆಲ್ಲೋಕೆ ನೋಡ್ತೀಯಾ? ಥೂ!"

ಹಿರಿಸೊಸೆಯ ಕಣ್ಣಲ್ಲಿ ನೀರು ಚಿಮ್ಮಿತು. ಎಷ್ಟು ಸಲ ಆ ಚೀಲ ಹಿಡಿದಿದ್ದಳು... ಎಷ್ಟು ಸಲ ಆ ಹಣೆ ಒರೆಸಿ, ತಡವಾಗಿ ಗ್ಯಾರೇಜಿಗೆ ಓಡಿ, ಅಲ್ಲೂ ಮಾತು ಕೇಳಿದ್ದಳು! ಆದರೆ ಅಳುವಿನ ಹಿಂದೆಯೇ ಇನ್ನೊಂದೇನೋ ಎದ್ದು ಬಂತು.

"ಆಯ್ತು ಅತ್ತೆ, ನನ್ನ ಮಾತು ಬೇಡ. ಒಂದೇ ಒಂದು ಕೇಳ್ತೀನಿ, ನಿಮ್ಮ ಮಕ್ಕಳು ಉತ್ತರ ಕೊಡಲಿ. ಹೊಸ ಕಾರು ಬಂದ ಮೇಲೆ ವಾರಕ್ಕೆ ಮೂರು ದಿನ ನಿಮ್ಮನ್ನ ಕರ್ಕೊಂಡು ಹೋಗೋರು ಯಾರು? ಯಾರು ಹೋಗ್ತಾರೋ ಅವರೇ ಆರಿಸಲಿ. ನಾನು ತುಟಿ ಪಿಟಿಕ್ಕನ್ನಲ್ಲ."

ಮೈದುನ ಬಣ್ಣದ ಪುಸ್ತಕದ ಮೂಲೆಯನ್ನು ಮಡಿಸಿದ, ಬಿಚ್ಚಿದ. "ಬೆಳಿಗ್ಗೆ ನಾನು ಟೈಲ್ಸ್ ಅಂಗಡಿ ಬಾಗಿಲು ತೆಗೀಬೇಕು. ಲೋಡು ಬರೋದೇ ಆ ಹೊತ್ತಿಗೆ..."

ಗಂಡ ಕಿಟಕಿಯ ಗಾಜಿನ ಮೇಲಿಲ್ಲದ ಧೂಳನ್ನು ಒರೆಸಿದ. "ನನಗೆ ಆ ವಾಸನೆ ಆಗಲ್ಲ. ರಕ್ತ ಕಂಡ್ರೆ ಕೈಕಾಲು ತಣ್ಣಗಾಗತ್ತೆ. ಅಮ್ಮಂಗೇ ಗೊತ್ತಲ್ಲ..."

ಹೆದ್ದಾರಿಯಲ್ಲಿ ಗಾಳಿ ಸೀಳಿಕೊಂಡು ಹೋಗಲು ಇಬ್ಬರು ಗಂಡಸರಿದ್ದರು. ಹೆತ್ತವಳನ್ನು ಹತ್ತು ನಿಮಿಷದ ದಾರಿಗೆ ಕರೆದೊಯ್ಯಲು ಒಬ್ಬನೂ ಇರಲಿಲ್ಲ! ಆ ಎರಡು ಉತ್ತರಗಳನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವರು ಅತ್ತೆ. ಅವರು ಮಕ್ಕಳ ಕಡೆ ನೋಡಲಿಲ್ಲ. ಮಕ್ಕಳ ಮೇಲೆ ಏಳಬೇಕಿದ್ದ ಸಿಟ್ಟು ಹಳೆಯ ರೂಢಿಯಂತೆ ಸೊಸೆಯ ಕಡೆಗೇ ಹೊರಳಿತು.

"ಇದೇನು ದೊಡ್ಡ ಪ್ರಶ್ನೆ? ನೀನೇ ಕರ್ಕೊಂಡು ಹೋಗ್ತೀಯ! ಆ ಗ್ಯಾರೇಜಿನ ಸಹವಾಸ ಸಾಕು, ಈ ತಿಂಗಳಿಗೆ ಬಿಟ್ಟುಬಿಡು. ಕೆಲಸ ಬಿಟ್ಟರೆ ನೀನು ಹೇಳಿದ ಕಾರೇ ಬರತ್ತೆ. ನಾನು ಮಾತು ಕೊಡ್ತೀನಿ."

ಮೈದುನ ತಲೆ ಎತ್ತಿದ. ತಾಯಿಯ ಕಣ್ಣು ಕಂಡು ಮತ್ತೆ ತಗ್ಗಿಸಿದ. ಗಂಡನ ಉಸಿರು ಹಗುರಾಯಿತು. "ನೋಡು, ಅಮ್ಮ ಎಷ್ಟು ಇಳಿದು ಬಂದಿದ್ದಾರೆ! ನಿನ್ನ ಮಾತೇ ನಡೀತಲ್ಲ. ಇನ್ನೇನು ಬೇಕು ನಿನಗೆ?"

ಇನ್ನೇನು ಬೇಕು? ಅವಳು ಆ ಗ್ಯಾರೇಜಿಗೆ ಹೋದದ್ದು ಬಿಡಿಭಾಗ ತೊಳೆಯುವವಳಾಗಿ. ಕಾಲಿನ ಬಳಿ ಸೀಮೆಎಣ್ಣೆಯ ಬಾನಿ, ಬೆರಳ ಸಂದಿಯಲ್ಲಿ ಆರದ ಬಿರುಕು. ತೊಳೆಯುತ್ತ ತೊಳೆಯುತ್ತಲೇ ಕಲಿತಳು. ಟರ್ಬೋ ಒಳಗಿನ ಅಂಗೈಯಗಲದ ಆ ಪುಟ್ಟ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಅದರ ಅಂಚಿನಲ್ಲಿ ಕೂದಲೆಳೆಯಷ್ಟು ಮುಕ್ಕಾಗಿದ್ದರೂ ಕಣ್ಣಿಗಿಂತ ಮೊದಲು ಅವಳ ಉಗುರಿಗೆ ತಿಳಿಯುತ್ತಿತ್ತು. "ಮೇಸ್ತ್ರಿ ಎಲ್ಲಮ್ಮ?" ಎಂದು ಅವಳ ತಲೆಯ ಮೇಲಿಂದ ಇಣುಕುತ್ತಿದ್ದ ಗಿರಾಕಿಗಳು ಈಗ ಅವಳಿಗಾಗಿಯೇ ಬೆಂಚಿನ ಮೇಲೆ ಕಾಯುತ್ತಿದ್ದರು. ಹೋದ ಸೋಮವಾರ ಮೇಸ್ತ್ರಿ ಟರ್ಬೋ ಕೋಣೆಯ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿ, "ಇನ್ಮೇಲೆ ಈ ಕೋಣೆ ನಿಂದು. ಹೊತ್ತಿಗೆ ಸರಿಯಾಗಿ ಬಂದುಬಿಡು, ಅಷ್ಟೆ," ಅಂದಿದ್ದ. ಮನೆಯಲ್ಲಿ ಆ ಸುದ್ದಿ ಹೇಳಲು ಬಾಯಿ ತೆರೆದಾಗ ಅತ್ತೆ, "ಕೈ ತೊಳ್ಕೊಂಡು ಒಳಗೆ ಬಾ, ಗ್ರೀಸು!" ಅಂದಿದ್ದರು. ಸುದ್ದಿ ಗಂಟಲಲ್ಲೇ ಉಳಿದಿತ್ತು.

ಈಗ ಅದೇ ಕೋಣೆಯನ್ನು ಕೊಟ್ಟು ಕಾರನ್ನು ಗೆಲ್ಲಬೇಕಂತೆ. ಸರಿಯಾದ ಕಾರು ಮನೆಗೆ ಬರಬೇಕಾದರೆ ಅದನ್ನು ಬಲ್ಲವಳು ಗ್ಯಾರೇಜಿನಿಂದ ಹೊರಬೀಳಬೇಕಂತೆ! ಅವಳು ಅತ್ತೆಯ ಉಬ್ಬಿದ ನರ ನೋಡಿದಳು. ಟರ್ಬೋ ನೂಕಿದಾಗಲೆಲ್ಲ ಆ ಬಡಪಾಯಿ ಹೊಟ್ಟೆ ಹೇಗೆ ತೊಳಸುತ್ತದೆಂದು ಅವಳಿಗೆ ಗೊತ್ತಿತ್ತು... ಗೊತ್ತಿದ್ದೂ ಹೇಳಬೇಕಾಗಿತ್ತು.

"ಟರ್ಬೋನೇ ತನ್ನಿ," ಅಂದಳು.

"ಏನಂದೆ?"

"ಟರ್ಬೋನೇ ಆರಿಸಿ. ಈ ಸಲ ಒಂದೇ ಅರ್ಥ, ಅತ್ತೆ. ನನ್ನ ಕೆಲಸ ನಾನು ಬಿಡಲ್ಲ. ಶನಿವಾರ ನಾನು ತಡವಾಗಿ ಬರ್ತೀನಿ ಅಂತ ಮೇಸ್ತ್ರಿನ ಒಪ್ಪಿಸ್ತೀನಿ. ಅವತ್ತು ನಿಮ್ಮನ್ನ ಕರ್ಕೊಂಡು ಹೋಗೋಳು ನಾನು. ನೀವು ದಾರಿಯುದ್ದ ಬೈದ್ರೂ ಹೋಗ್ತೀನಿ. ಮಂಗಳವಾರ ನಿಮ್ಮ ದೊಡ್ಡ ಮಗ, ಗುರುವಾರ ಚಿಕ್ಕ ಮಗ. ಅವರಿಗೆ ಟರ್ಬೋ ಇಷ್ಟ ಅಲ್ವಾ? ಓಡಿಸಲಿ."

ಗಂಡ ಮೊದಲ ಬಾರಿಗೆ ದನಿ ಎತ್ತಿದ. "ಏನೇ, ಈ ಮನೇಲಿ ಇರಬೇಕು ಅಂತ ಇದೆಯೋ ಇಲ್ವೋ ನಿನಗೆ?"

"ಇದೆ ರೀ... ಇದ್ದೇ ಇರ್ತೀನಿ. ಆದ್ರೆ ನನ್ನ ಕೈಕಾಲು ಒಳಗಿಟ್ಕೊಂಡು ನನ್ನನ್ನ ಹೊರಗೆ ನಿಲ್ಲಿಸ್ತೀನಿ ಅಂದ್ರೆ, ಅದು ಇನ್ನು ನಡಿಯಲ್ಲ."

"ಅಮ್ಮ ಸತ್ತರೆ ನಿನಗೆ ಹಾಲು ಕುಡಿದಷ್ಟು ಸಂತೋಷ ಅಲ್ವಾ ಅತ್ತಿಗೆ!" ಮೈದುನ ಕಿರುಚಿದ.

ಅವಳು ಅವನ ಕಡೆ ತಿರುಗಲೂ ಇಲ್ಲ. "ಗುರುವಾರ, ಬೆಳಿಗ್ಗೆ ಏಳಕ್ಕೆ. ಅಂಗಡಿ ಬಾಗಿಲು ಬೇರೆ ಯಾರಾದ್ರೂ ತೆಗೀಲಿ."

ಆ ದಿನದಿಂದ ಅತ್ತೆ ಅವಳ ಜೊತೆ ಮಾತು ಬಿಟ್ಟರು. ಅವಳು ಇಟ್ಟ ಟೀ ಲೋಟ ಕೆನೆಗಟ್ಟಿ ತಣ್ಣಗಾಗುವವರೆಗೂ ಅಲ್ಲೇ ಇರುತ್ತಿತ್ತು. ಶನಿವಾರದ ಬಾಡಿಗೆ ಕಾರಿನಲ್ಲಿ ಇಬ್ಬರ ನಡುವೆ ಒಂದು ಚೀಲ ಮಾತ್ರ ಇರುತ್ತಿತ್ತು. ಮಂಗಳವಾರ, ಗುರುವಾರಗಳಂದು ಗಂಡಸರು ನರ್ಸ್ ಒಬ್ಬಳನ್ನು ಜೊತೆಗೆ ಕಳಿಸಿ ಹೇಗೋ ತಪ್ಪಿಸಿಕೊಂಡರು. ಕಾರು ಬರಲಿ, ಆಮೇಲೆ ನೋಡೋಣ ಅನ್ನುವುದೇ ಅವರ ಜಪವಾಗಿತ್ತು. ಕಾರು ಬಂದ ಮೇಲೆ ಇವಳ ಹಟ ತಾನಾಗಿ ಇಳಿಯುತ್ತದೆ. ಸ್ಟೀರಿಂಗ್ ಕಂಡರೆ ಇವಳ ಕೈ ಸುಮ್ಮನಿರುತ್ತದೆಯೇ ಎಂದು ಇಬ್ಬರೂ ಅಡುಗೆಮನೆಗೆ ಕೇಳುವಂತೆಯೇ ಮಾತಾಡಿಕೊಳ್ಳುತ್ತಿದ್ದರು.

ಕಾರು ಬಂತು. ಕೆಂಪು, ಟರ್ಬೋ. ಬೀದಿಯವರೆಲ್ಲ ಬಂದು ಬಾನೆಟ್ ಸವರಿ ಹೋದರು. ಮರುದಿನವೇ ಮಂಗಳವಾರ.

ಬೆಳಗಿನ ಬಿಸಿಲು ಆಗಷ್ಟೇ ಮಹಡಿಗಳಿಂದ ಇಳಿಯುತ್ತಿತ್ತು. ಹಿಂದಿನ ಸೀಟಿನಲ್ಲಿ ಅತ್ತೆ ಶಾಲು ಹೊದ್ದು ಕೂತಿದ್ದರು. ಗಂಡ ಸ್ಟೀರಿಂಗ್ ಮುಂದೆ ಕೂತು ಹಾರ್ನ್ ಒತ್ತಿದ. ಇನ್ನೊಮ್ಮೆ ಒತ್ತಿದ. ಹಿರಿಸೊಸೆ ಹೊರಬಂದಳು: ಗ್ಯಾರೇಜಿನ ನೀಲಿ ಅಂಗಿ, ಹೆಗಲಿಗೆ ಚೀಲ, ಕೈಯಲ್ಲಿ ಊಟದ ಡಬ್ಬಿ. ಕಾರಿನ ಕಿಟಕಿಗೆ ಬಗ್ಗಿದಳು.

"ವಾಂತಿ ಚೀಲ ಮುಂದಿನ ಖಾನೆಯಲ್ಲಿಟ್ಟಿದ್ದೀನಿ. ಬರುವಾಗ ಮೆಲ್ಲಗೆ ಕಾಲು ಒತ್ತಿ, ಒಮ್ಮೆಗೇ ಅದುಮಬೇಡಿ. ಸೂಜಿ ತೆಗೆದ ಮೇಲೆ ಆ ಕೈ ಮಡಿಸೋಕೆ ಬಿಡಬೇಡಿ."

"ನನ್ನ ಕೈಲಾಗಲ್ಲ ಕಣೇ!" ಅವನ ದನಿ ಒಡೆಯಿತು. "ಬಾ, ಕೂತ್ಕೋ. ಇವತ್ತೊಂದು ದಿನ... ದಮ್ಮಯ್ಯ..."

ಅವಳ ಕಾಲು ತಡೆಯಿತು. ಒಂದು ಹೆಜ್ಜೆ, ಒಂದೇ ಒಂದು ಹೆಜ್ಜೆ ಇಟ್ಟು ಬಾಗಿಲು ತೆಗೆದರೆ ಸಾಕು, ಎಲ್ಲ ಮೊದಲಿನಂತಾಗುತ್ತಿತ್ತು. ಮೊದಲಿನಂತೆ! ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಇಳಿಜಾರಿನ ಕಡೆ ತಿರುಗಿದಳು. ಹಿಂದಿನಿಂದ ಹಾರ್ನ್ ಬಡಿದುಕೊಳ್ಳತೊಡಗಿತು. ಉದ್ದಕ್ಕೆ, ನಿಲ್ಲದೆ, ಹಟಮಾರಿ ಮಗುವಿನ ಅಳುವಿನ ಹಾಗೆ. ಕಿಟಕಿಗಳು ತೆರೆದುಕೊಂಡವು. ಅವಳು ನಡೆಯುತ್ತಲೇ ಇದ್ದಳು.

ಆ ಸದ್ದನ್ನೂ ಮೀರಿ, ಶಾಲೆಯ ಅಂಗಳದ ಆ ತುದಿಯವರೆಗೂ ಮುಟ್ಟುತ್ತಿದ್ದ ಅತ್ತೆಯ ದನಿ ಅವಳ ಬೆನ್ನ ಹಿಂದೆ ಎದ್ದಿತು.

"ಕೈ ತೆಗಿಯೋ ಹಾರ್ನಿಂದ! ಅವಳು ಬರಲ್ಲ."

ಹಾರ್ನ್ ನಿಂತಿತು. "ಮತ್ತೆ ಯಾರಮ್ಮ..."

"ಯಾರಂತೆ! ನಾನು ಹೆತ್ತಿದ್ದು ನಿನ್ನನ್ನ, ಅವಳನ್ನಲ್ಲ. ಗಾಡಿ ತೆಗಿ."

ಕಾರು ಅವಳನ್ನು ದಾಟಿ ಇಳಿಯಿತು. ಅತ್ತೆ ಈ ಕಡೆ ನೋಡಲಿಲ್ಲ. ಅವಳೂ ಕೈ ಎತ್ತಲಿಲ್ಲ. ನೀಲಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, ಹೊತ್ತು ಮೀರದಂತೆ, ಹೆಜ್ಜೆ ಬೀಸಿ ಹಾಕಿದಳು.