ಗೆರೆಯೊಳಗೆ ಎರಡು ನೆರಳು

ಗೋಡೆ ಅವರಿಬ್ಬರನ್ನೂ ಮಕ್ಕಳ ಕಣ್ಣಿಂದ ಮರೆಮಾಡಿತ್ತು. ಆದರೆ ಬೆಳಗಿನ ಬಿಸಿಲಿಗೆ ಯಾರ ಮುಲಾಜೂ ಇಲ್ಲ. ಅವರ ನೆರಳುಗಳನ್ನು ಉದ್ದಕ್ಕೆ ಎಳೆದು, ಗೋಡೆ ಮುಗಿಯುವಲ್ಲಿ, ಶಾಲೆಯ ಅಂಗಳದ ಮೇಲೆ ಹಾಸಿಬಿಟ್ಟಿತ್ತು.

ವಿಜ್ಞಾನದ ಟೀಚರಿಗೆ ಅದರ ಪರಿವೆಯೇ ಇರಲಿಲ್ಲ. "ಇಷ್ಟವಾದ ನೆರಳಿನ ಸುತ್ತ ಗೆರೆ ಎಳೀರಿ, ಕಂಡಿದ್ದನ್ನ ಕಂಡ ಹಾಗೇ" ಎಂದು ಮೂರನೇ ಕ್ಲಾಸಿನ ಮಕ್ಕಳನ್ನು ಅಂಗಳಕ್ಕೆ ಬಿಟ್ಟು, ಇನ್ನೊಂದು ಡಬ್ಬಿ ಸೀಮೆಸುಣ್ಣಕ್ಕಾಗಿ ಗೋಡೆಯ ಹಿಂದಿದ್ದ ಶಾಲೆಯ ವ್ಯಾನ್ ಡ್ರೈವರ್ ಹತ್ತಿರ ಬಂದಿದ್ದಳು. ಡಬ್ಬಿ ಇಸಿದುಕೊಂಡದ್ದಾಯಿತು. ಕೈ ಮಾತ್ರ ಅವನ ಕೈಯಲ್ಲೇ ಉಳಿಯಿತು.

"ಬಿಡಿ, ಯಾರಾದ್ರೂ ನೋಡ್ತಾರೆ."

"ಕೈ ಯಾಕೆ ಇಷ್ಟು ತಣ್ಣಗಿದೆ?"

"ಹೆದರಿಕೆ."

"ನಂಗೂ ಅಷ್ಟೇ. ನಗ್ತೀನಲ್ಲ, ಅದಕ್ಕೇ ಗೊತ್ತಾಗಲ್ಲ" ಎಂದು ಅವನು ಕಣ್ಣಂಚಿನಲ್ಲೇ ನಕ್ಕ.

ಅಂಗಳಕ್ಕೆ ಮರಳಿದಾಗ ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಕುಣಿಯುತ್ತಿದ್ದಳು. "ಮಿಸ್, ಇಲ್ನೋಡಿ! ಇಬ್ಬರಿಗೂ ಸೇರಿ ಒಂದೇ ಕೈ!"

ನೆಲದ ಮೇಲೆ ಬಿಳಿ ಗೆರೆಯಲ್ಲಿ ಒಂದು ಜಡೆ, ಒಂದು ಚೂಪು ಮೂಗು, ನಡುವೆ ಕೂಡಿದ ಕೈಗಳು. ಜಡೆ ತನ್ನದು, ಮೂಗು ಅವನದು ಎಂದು ಟೀಚರಿಗೆ ಗೊತ್ತಾಯಿತು. ಅಷ್ಟರಲ್ಲಿ ಬೆನ್ನ ಹಿಂದೆ ಬೂಟಿನ ಸದ್ದಾಯಿತು. ಶಾಲೆಯ ಕಾರ್ಯದರ್ಶಿ, ಅವಳ ಸ್ವಂತ ಅಣ್ಣ.

"ಯಾರದ್ದಿದು?"

"ಗೊತ್ತಿಲ್ಲ ಸರ್" ಎಂದಳು ಹುಡುಗಿ. "ನೆರಳು ಈಗ ಜರುಗಿದೆ. ನಾಳೆ ಇದೇ ಹೊತ್ತಿಗೆ ಅವರು ಅಲ್ಲೇ ನಿಂತ್ರೆ ಗೊತ್ತಾಗತ್ತೆ. ಮಿಸ್ಸೇ ಹೇಳ್ಕೊಟ್ಟಿದ್ದು."

"ಭೇಷ್! ನಾಳೆ ಶಾಲೆಯವರನ್ನೆಲ್ಲ ಒಬ್ಬೊಬ್ಬರನ್ನೇ ನಿಲ್ಲಿಸ್ತೀನಿ" ಎಂದ ಅಣ್ಣ, ತಂಗಿಯ ಜಡೆಯನ್ನೇ ನೋಡುತ್ತ.

ಅವಳ ಅಕ್ಕ ಪ್ರೀತಿಸಿದವನ ಕೈ ಮುರಿಸಿ ಊರು ಬಿಡಿಸಿದ್ದು ಇದೇ ಅಣ್ಣ. ಅಕ್ಕ ಇವತ್ತಿಗೂ ಮನೆಯಲ್ಲೇ ಇದ್ದಾಳೆ, ಕಿಟಕಿಗೆ ಬೆನ್ನು ಹಾಕಿ ಕೂರುತ್ತಾಳೆ. ಅದಕ್ಕೆ ಮರ್ಯಾದೆ ಎಂದು ಹೆಸರು. ಹೆಣ್ಣೊಬ್ಬಳನ್ನು ಜೀವಂತ ಹೂತರೂ ಆ ಮರ್ಯಾದೆಗೆ ಒಂದು ಚೂರೂ ಮಣ್ಣಂಟುವುದಿಲ್ಲ.

ಸಂಜೆ ಮಕ್ಕಳನ್ನೆಲ್ಲ ಇಳಿಸಿದ ಮೇಲೆ, ಖಾಲಿ ವ್ಯಾನಿನಲ್ಲಿ ಅವಳೊಬ್ಬಳೇ ಉಳಿದಿದ್ದಳು. ಡ್ರೈವರ್ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣಷ್ಟೇ ಕಾಣುತ್ತಿತ್ತು.

"ಆ ಗೆರೆ ಮೇಲೆ ಒಂದು ಬಕೆಟ್ ನೀರು ಸುರಿದ್ರೆ ಮುಗೀತು. ಸುರಿದು ಬರ್ಲಾ?"

"ಕಂಡಿದ್ದನ್ನ ಅಳಿಸ್ಬಾರ್ದು ಅಂತ ದಿನಾ ಮಕ್ಕಳಿಗೆ ಹೇಳೋಳು ನಾನು."

"ನನ್ನ ಮೂಗನ್ನಾದ್ರೂ ಒಂಚೂರು ಅಳಿಸ್ಬಹುದಿತ್ತು."

ಅವಳಿಗೆ ನಗು ಬಂತು, ಜೊತೆಗೇ ಅಳುವೂ. "ನಾನು ನಿಲ್ತೀನಿ. ನೀವು?"

ಅವನು ಸ್ಟಿಯರಿಂಗನ್ನು ಸವರಿದ. "ಮನೇಲಿ ಅಮ್ಮ ಇದ್ದಾಳೆ. ಬರ್ತೀನಿ ಅಂತ ಈಗ ಹೇಳಿದ್ರೆ ಸುಳ್ಳಾಗ್ಬಹುದು. ನಿಮ್ಮ ಹತ್ರ ಸುಳ್ಳು ಹೇಳಕ್ಕೆ ಬಾಯಿ ಬರಲ್ಲ."

ಮರುದಿನ ಮಕ್ಕಳನ್ನು ಇಳಿಸಿದ್ದೇ ತಡ, ವ್ಯಾನ್ ಗೇಟು ದಾಟಿ ಹೊರಟುಹೋಯಿತು. ಅಂಗಳದಲ್ಲಿ ಅಣ್ಣ ಕೈಕಟ್ಟಿ ನಿಂತಿದ್ದ, ಸಾಲಾಗಿ ಸಿಬ್ಬಂದಿ, ಗೆರೆಯ ಸುತ್ತ ಕುಕ್ಕರುಗಾಲಲ್ಲಿ ಮಕ್ಕಳು.

ಕರೆಯುವ ತನಕ ಅವಳು ಕಾಯಲಿಲ್ಲ. ಗೋಡೆಯ ಹಿಂದೆ ಹೋಗಿ ನಿಂತು ಕೈ ಚಾಚಿದಳು.

"ಜಡೆ ಸರಿಹೋಯ್ತು!" ಆಚೆಯಿಂದ ಹಲ್ಲು ಬಿದ್ದ ಹುಡುಗಿಯ ಕೂಗು. ಆಮೇಲೆ, ಅನುಮಾನದ ದನಿಯಲ್ಲಿ, "ಆದ್ರೆ ಮಿಸ್... ಪಕ್ಕದ ಗೆರೆ ಖಾಲಿ ಇದೆ."

ಚಾಚಿದ ಕೈ ಸೋಲತೊಡಗಿತು. ಅಣ್ಣನ ಬೂಟು ಸದ್ದುಮಾಡಿತು.

ಆಗ ಅವಳ ಬೆರಳಿಗೆ ಬೆವರಿದ ಬೆರಳೊಂದು ತಾಗಿತು.

"ವ್ಯಾನ್ ದೂರ ನಿಲ್ಲಿಸಿ ಬಂದೆ" ಎಂದ ಅವನು, ಏದುಸಿರಿನಲ್ಲಿ. "ಹತ್ರ ಇದ್ರೆ ಹತ್ತಿ ಓಡಿಹೋಗ್ತಿದ್ನೇನೋ."

"ಮೂಗೂ ಸರಿಹೋಯ್ತು!" ಮಕ್ಕಳು ಚಪ್ಪಾಳೆ ತಟ್ಟಿದರು.

ಅಣ್ಣ ಗೋಡೆಯ ಕಡೆ ನುಗ್ಗಿದ. ಅವಳು ಕಣ್ಣು ಮುಚ್ಚಿದಳು, ಕೈ ಬಿಡಲಿಲ್ಲ.

"ಸರ್, ಸರ್!" ಹಲ್ಲಿಲ್ಲದ ಬಾಯಿ ಗದರಿತು. "ಗೆರೆ ತುಳೀಬೇಡಿ. ನಾವೆಲ್ಲ ಇನ್ನೂ ನೋಡ್ತಾ ಇದೀವಿ."

ಎತ್ತಿದ ಬೂಟು ಗಾಳಿಯಲ್ಲೇ ನಿಂತಿತು.